ಸೌದಿ ಅರಸೊತ್ತಿಗೆ, ಉಲೇಮಾಗಳು ಮತ್ತು ಅಮೆರಿಕದ ಸೇನಾ ಮೈತ್ರಿ

ಸೌದಿ ಅರೇಬಿಯಾದ ಅರಸೊತ್ತಿಗೆಯು ಎರಡು ಬಾಹ್ಯ ಆಧಾರಗಳ ಮೇಲೆ ನಿಂತು ಬೆಳೆದ ರಾಜಸತ್ತೆಯಾಗಿದೆ. ಮೊದಲನೆಯದು ವಹಾಬಿ ಪಂಥದ ಉಲೇಮಾಗಳು, ಅಂದರೆ ಧರ್ಮಪಂಡಿತರು, ನೀಡುವ ಧಾರ್ಮಿಕ ಸಮ್ಮತಿ. ಎರಡನೆಯದು ಆರಂಭದಲ್ಲಿ ಬ್ರಿಟನ್ ಮತ್ತು 1940ರ ದಶಕದಿಂದ ಅಮೆರಿಕ ಸಂಯುಕ್ತ ಸಂಸ್ಥಾನ ಒದಗಿಸಿದ ಸೇನಾ ರಕ್ಷಣೆ. ಇಸ್ಲಾಂ ಧರ್ಮದ ಅತಿ ಪವಿತ್ರ ಕ್ಷೇತ್ರಗಳಾದ ಮೆಕ್ಕಾ ಮತ್ತು ಮದೀನಾ ಈ ದೇಶದಲ್ಲಿರುವುದರಿಂದ, ಮುಸ್ಲಿಮೇತರ ಸೇನೆಯ ನೆರವು ಪಡೆಯುವುದು ಇಲ್ಲಿ ಕೇವಲ ವಿದೇಶಾಂಗ ನೀತಿಯ ಪ್ರಶ್ನೆಯಾಗಿರದೆ ಧರ್ಮಶಾಸ್ತ್ರದ ಪ್ರಶ್ನೆಯೂ ಆಗಿದೆ.

1929, 1979 ಮತ್ತು 1990ರ ಬಿಕ್ಕಟ್ಟುಗಳಲ್ಲಿ ಈ ಎರಡು ಆಧಾರಗಳು ಪರಸ್ಪರ ಘರ್ಷಣೆಗೆ ಬಂದವು. ಪ್ರತಿ ಸಂದರ್ಭದಲ್ಲಿಯೂ ಅರಸರು ಹಿರಿಯ ಉಲೇಮಾಗಳ ಅನುಮೋದನೆಯನ್ನು ಪಡೆದು ತಮ್ಮ ನಿರ್ಧಾರವನ್ನು ಸಮರ್ಥಿಸಿಕೊಂಡರು. ಅದಕ್ಕೆ ಪ್ರತಿಯಾಗಿ ಶಿಕ್ಷಣ, ನ್ಯಾಯಾಂಗ, ಸಾರ್ವಜನಿಕ ನಡವಳಿಕೆ ಮತ್ತು ಮಹಿಳೆಯರ ಬದುಕಿಗೆ ಸಂಬಂಧಿಸಿದ ವಿಷಯಗಳಲ್ಲಿ ಉಲೇಮಾಗಳ ಅಧಿಕಾರವನ್ನು ಒಪ್ಪಿಕೊಂಡರು. ಹೀಗಾಗಿ ವಿದೇಶಿ ಮೈತ್ರಿಯ ಬೆಲೆಯನ್ನು ಬಹುಮಟ್ಟಿಗೆ ದೇಶದೊಳಗಿನ ಸಮಾಜವೇ ತೆರಬೇಕಾಯಿತು. 2015ರ ನಂತರ ಈ ಕೊಡುಕೊಳ್ಳುವಿಕೆಯ ಸ್ವರೂಪವು ಗಣನೀಯವಾಗಿ ಬದಲಾಗಿದೆ.

ಧಾರ್ಮಿಕ ಸಂಸ್ಥೆಗಳು

'ವಹಾಬಿ' ಎಂಬುದು ಹೊರಗಿನವರು ಬಳಸುವ ಹೆಸರು. ಈ ಪಂಥದ ಅನುಯಾಯಿಗಳು ತಮ್ಮನ್ನು 'ಮುವಹ್ಹಿದೂನ್' (ಏಕದೇವತ್ವವಾದಿಗಳು) ಅಥವಾ 'ಸಲಫಿ'ಗಳೆಂದು ಕರೆದುಕೊಳ್ಳುತ್ತಾರೆ. ಸಂತರ ಗೋರಿಗಳ ಆರಾಧನೆಯನ್ನೂ, ಧರ್ಮದಲ್ಲಿ ನಂತರ ಸೇರಿಕೊಂಡ ಆಚರಣೆಗಳನ್ನೂ ಇವರು ತಿರಸ್ಕರಿಸುತ್ತಾರೆ. ಸೌದಿ ಅರೇಬಿಯಾದ ಧಾರ್ಮಿಕ ಆಡಳಿತದಲ್ಲಿ ಕೆಳಗಿನ ಸಂಸ್ಥೆಗಳು ಮುಖ್ಯವಾಗಿವೆ.

- ಮಹಾ ಮುಫ್ತಿ: ದೇಶದ ಅತ್ಯುನ್ನತ ಧಾರ್ಮಿಕ ಹುದ್ದೆ. ಇದನ್ನು 1953ರಲ್ಲಿ ಸ್ಥಾಪಿಸಲಾಯಿತು. ಮೊದಲ ಮುಫ್ತಿಯಾಗಿದ್ದ ಮುಹಮ್ಮದ್ ಇಬ್ನ್ ಇಬ್ರಾಹಿಂ ಆಲ್ ಅಶ್-ಶೇಖ್ ಅವರು 1969ರಲ್ಲಿ ನಿಧನರಾದ ಮೇಲೆ 1993ರವರೆಗೆ ಈ ಹುದ್ದೆ ಖಾಲಿಯಾಗಿತ್ತು.
- ಹಿರಿಯ ಉಲೇಮಾಗಳ ಮಂಡಳಿ: ದೊರೆ ಫೈಸಲ್ 1971ರಲ್ಲಿ ಸ್ಥಾಪಿಸಿದ ಸಮಿತಿ. ಇದರ ಸದಸ್ಯರನ್ನು ನೇಮಿಸುವವರೂ ತೆಗೆಯುವವರೂ ದೊರೆಯೇ. ರಾಜ್ಯದ ಮಹತ್ವದ ನಿರ್ಧಾರಗಳಿಗೆ ಫತ್ವಾ (ಧರ್ಮಶಾಸ್ತ್ರದ ಅಭಿಪ್ರಾಯ) ನೀಡುವುದು ಇದರ ಕೆಲಸ.
- ಸದಾಚಾರ ಪ್ರೋತ್ಸಾಹ ಮತ್ತು ದುರಾಚಾರ ನಿಷೇಧ ಸಮಿತಿ: 'ಧಾರ್ಮಿಕ ಪೊಲೀಸ್' ಎಂದೇ ಪರಿಚಿತವಾಗಿರುವ ಸಂಸ್ಥೆ. ನಮಾಜಿನ ಹೊತ್ತಿಗೆ ಅಂಗಡಿಗಳನ್ನು ಮುಚ್ಚಿಸುವುದು, ಉಡುಪಿನ ನಿಯಮ ಮತ್ತು ಸ್ತ್ರೀ-ಪುರುಷರ ಪ್ರತ್ಯೇಕತೆಯನ್ನು ಜಾರಿಗೊಳಿಸುವುದು ಇದರ ಹೊಣೆಯಾಗಿತ್ತು.

ಈ ಸಂಸ್ಥೆಗಳು ಸರ್ಕಾರದ ಅಂಗಗಳಾಗಿರುವುದರಿಂದ ಅವುಗಳ ಉಲೇಮಾಗಳು ಸಾಮಾನ್ಯವಾಗಿ ಅರಸರ ವಿರುದ್ಧ ನಿಲ್ಲುವುದಿಲ್ಲ. ಅರಸೊತ್ತಿಗೆಗೆ ಎದುರಾದ ಧಾರ್ಮಿಕ ವಿರೋಧವು ಬಹುತೇಕ ಈ ವ್ಯವಸ್ಥೆಯ ಅಂಚಿನಿಂದ ಅಥವಾ ಹೊರಗಿನಿಂದ ಬಂದಿದೆ.

ದಿರಿಯಾದ ಒಪ್ಪಂದ

ಸೌದ್ ಮನೆತನ ಮತ್ತು ವಹಾಬಿ ಪಂಥದ ಸಂಬಂಧವು 18ನೆಯ ಶತಮಾನದಷ್ಟು ಹಳೆಯದು. ಮಧ್ಯ ಅರೇಬಿಯಾದ ನಜ್ದ್ ಪ್ರಾಂತ್ಯದ ದಿರಿಯಾ ಎಂಬ ಪಟ್ಟಣದ ಮುಖ್ಯಸ್ಥನಾಗಿದ್ದ ಮುಹಮ್ಮದ್ ಇಬ್ನ್ ಸೌದ್, ಸುಮಾರು 1744ರಲ್ಲಿ ಧರ್ಮಸುಧಾರಕ ಮುಹಮ್ಮದ್ ಇಬ್ನ್ ಅಬ್ದುಲ್ ವಹಾಬ್‌ನಿಗೆ ಆಶ್ರಯ ನೀಡಿದನು. ಆಡಳಿತ ಮತ್ತು ಯುದ್ಧ ಸೌದ್ ಮನೆತನದ ಪಾಲಿಗೆ, ಧರ್ಮದ ವ್ಯಾಖ್ಯಾನ ಸುಧಾರಕನ ಪಾಲಿಗೆ ಎಂಬ ತಿಳಿವಳಿಕೆ ಇವರ ನಡುವೆ ಏರ್ಪಟ್ಟಿತು. ಸುಧಾರಕನ ವಂಶಸ್ಥರು 'ಆಲ್ ಅಶ್-ಶೇಖ್' ಎಂಬ ಹೆಸರಿನಿಂದ ಇಂದಿಗೂ ಧಾರ್ಮಿಕ ಹುದ್ದೆಗಳಲ್ಲಿ ಪ್ರಮುಖರಾಗಿದ್ದಾರೆ.

ಹೀಗೆ ಹುಟ್ಟಿದ ಮೊದಲ ಸೌದಿ ರಾಜ್ಯವನ್ನು ಒಟ್ಟೋಮನ್ ಸಾಮ್ರಾಜ್ಯದ ಪರವಾಗಿ ಬಂದ ಈಜಿಪ್ಟಿನ ಸೇನೆಯು 1818ರಲ್ಲಿ ನಾಶಮಾಡಿತು. ಎರಡನೆಯ ರಾಜ್ಯವು 1891ರಲ್ಲಿ ಕೊನೆಗೊಂಡಿತು. ಕುವೈತಿನಲ್ಲಿ ಆಶ್ರಯ ಪಡೆದಿದ್ದ ಮನೆತನದ ಯುವಕ ಅಬ್ದುಲ್ ಅಜೀಜ್ (ಇಬ್ನ್ ಸೌದ್ ಎಂದು ಪ್ರಸಿದ್ಧರು) 1902ರಲ್ಲಿ ರಿಯಾದ್ ನಗರವನ್ನು ಗೆದ್ದುಕೊಂಡು ಮೂರನೆಯ ರಾಜ್ಯಕ್ಕೆ ಅಡಿಪಾಯ ಹಾಕಿದರು.

ಇಖ್ವಾನ್ ದಂಗೆ ಮತ್ತು ಬ್ರಿಟನ್

ಇಬ್ನ್ ಸೌದ್ ಅವರು ರಾಜ್ಯವನ್ನು ವಿಸ್ತರಿಸಲು 'ಇಖ್ವಾನ್' (ಸಹೋದರರು) ಎಂಬ ಧಾರ್ಮಿಕ ಯೋಧರ ಪಡೆಯನ್ನು ಬಳಸಿಕೊಂಡರು. ಅಲೆಮಾರಿ ಬದುಯಿನ್ ಬುಡಕಟ್ಟುಗಳನ್ನು 1912ರ ಸುಮಾರಿನಿಂದ ಕೃಷಿ ವಸಾಹತುಗಳಲ್ಲಿ ನೆಲೆಗೊಳಿಸಿ, ಅವರಿಗೆ ವಹಾಬಿ ಬೋಧನೆ ನೀಡಿ ಈ ಪಡೆಯನ್ನು ಕಟ್ಟಲಾಗಿತ್ತು. ಮೆಕ್ಕಾ ಮತ್ತು ಮದೀನಾಗಳಿರುವ ಹಿಜಾಜ್ ಪ್ರಾಂತ್ಯವನ್ನು 1924-25ರಲ್ಲಿ ಗೆಲ್ಲುವುದರಲ್ಲಿ ಇಖ್ವಾನ್ ಪಾತ್ರ ದೊಡ್ಡದು.

ಹಿಜಾಜ್ ಗೆದ್ದ ನಂತರ ಇಖ್ವಾನ್ ನಾಯಕರು ಇರಾಕ್, ಟ್ರಾನ್ಸ್‌ಜೋರ್ಡನ್ ಮತ್ತು ಕುವೈತ್‌ಗಳತ್ತ ಧರ್ಮಯುದ್ಧವನ್ನು ಮುಂದುವರಿಸಬಯಸಿದರು. ಈ ಮೂರೂ ಪ್ರದೇಶಗಳು ಬ್ರಿಟನ್ನಿನ ಅಧೀನದಲ್ಲಿ ಅಥವಾ ರಕ್ಷಣೆಯಲ್ಲಿದ್ದವು. ಇಬ್ನ್ ಸೌದ್ ಅವರು 1915ರ ದಾರಿನ್ ಒಪ್ಪಂದದ ಮೂಲಕ ಬ್ರಿಟಿಷರಿಂದ ಹಣ ಮತ್ತು ಶಸ್ತ್ರಾಸ್ತ್ರ ಪಡೆದಿದ್ದರು. 1927ರ ಜಿದ್ದಾ ಒಪ್ಪಂದದಲ್ಲಿ ಬ್ರಿಟನ್ ಅವರ ರಾಜ್ಯದ ಸ್ವಾತಂತ್ರ್ಯವನ್ನು ಮಾನ್ಯ ಮಾಡಿತು. ಗಡಿ ದಾಟಿ ದಾಳಿ ನಡೆಸುವುದೆಂದರೆ ಬ್ರಿಟಿಷ್ ವಾಯುಪಡೆಯನ್ನು ಎದುರಿಸುವುದೆಂದು ಅವರು ಅರಿತಿದ್ದರು. ಅವಿಶ್ವಾಸಿಗಳೊಂದಿಗೆ ಒಪ್ಪಂದ ಮಾಡಿಕೊಂಡದ್ದನ್ನೂ, ತಂತಿ, ದೂರವಾಣಿ ಮತ್ತು ಮೋಟಾರು ವಾಹನಗಳಂತಹ ಹೊಸ ಸಾಧನಗಳನ್ನು ಬಳಸಿದ್ದನ್ನೂ ಇಖ್ವಾನ್ ನಾಯಕರು ಆಕ್ಷೇಪಿಸಿದರು.

ಈ ವಿವಾದವನ್ನು ಇಬ್ನ್ ಸೌದ್ ಉಲೇಮಾಗಳ ಮುಂದಿಟ್ಟರು. 1927ರ ಫೆಬ್ರವರಿಯಲ್ಲಿ ರಿಯಾದಿನ ಉಲೇಮಾಗಳು ನೀಡಿದ ಫತ್ವಾವು ಮುಂದಿನ ದಶಕಗಳ ಕೊಡುಕೊಳ್ಳುವಿಕೆಗೆ ಮಾದರಿಯಂತಿದೆ. ಅದರಲ್ಲಿ ಅವರು ಧರ್ಮಾಚರಣೆಯ ವಿಷಯಗಳಲ್ಲಿ ಇಖ್ವಾನ್ ಬೇಡಿಕೆಗಳನ್ನು ಬಹುಮಟ್ಟಿಗೆ ಒಪ್ಪಿದರು. ಪೂರ್ವ ಪ್ರಾಂತ್ಯವಾದ ಹಸಾದ ಶಿಯಾ ಮುಸ್ಲಿಮರ ಮೇಲೆ ನಿರ್ಬಂಧ ಹೇರಬೇಕೆಂದೂ ಅದರಲ್ಲಿ ಹೇಳಲಾಗಿತ್ತು. ಆದರೆ ಧರ್ಮಯುದ್ಧ ಸಾರುವ ಅಧಿಕಾರ ಇಮಾಮನಿಗೆ, ಅಂದರೆ ಅರಸನಿಗೆ ಮಾತ್ರ ಸೇರಿದ್ದೆಂದು ತೀರ್ಮಾನಿಸಿದರು. ಯುದ್ಧ ಮತ್ತು ಶಾಂತಿ ಅರಸನ ಕೈಯಲ್ಲಿಯೂ, ಸಮಾಜದ ನಿಯಂತ್ರಣ ಉಲೇಮಾಗಳ ಕೈಯಲ್ಲಿಯೂ ಉಳಿದವು.

ಇಖ್ವಾನ್ ಮುಖಂಡರಾದ ಫೈಸಲ್ ಅಲ್-ದವೀಶ್ ಮತ್ತು ಸುಲ್ತಾನ್ ಬಿನ್ ಬಿಜಾದ್ ಇದಕ್ಕೆ ಮಣಿಯಲಿಲ್ಲ. 1927ರ ನವೆಂಬರ್‌ನಲ್ಲಿ ಇರಾಕಿನ ಬುಸಯ್ಯಾ ಪೊಲೀಸ್ ಠಾಣೆಯ ಮೇಲೆ ದಾಳಿ ನಡೆಯಿತು. ಬ್ರಿಟಿಷ್ ವಿಮಾನಗಳು ಪ್ರತಿದಾಳಿ ನಡೆಸಿದವು. 1929ರ ಮಾರ್ಚ್ ಕೊನೆಯಲ್ಲಿ ನಡೆದ ಸಬಿಲಾ ಕದನದಲ್ಲಿ ಇಬ್ನ್ ಸೌದ್ ತಾವೇ ಕಟ್ಟಿದ್ದ ಪಡೆಯನ್ನು ಸೋಲಿಸಿದರು. 1930ರ ಜನವರಿಯಲ್ಲಿ ಕುವೈತ್ ಗಡಿಯ ಬಳಿ ಬ್ರಿಟಿಷರಿಗೆ ಶರಣಾದ ಅಲ್-ದವೀಶ್‌ನನ್ನು ಅವರು ಇಬ್ನ್ ಸೌದ್ ವಶಕ್ಕೆ ಒಪ್ಪಿಸಿದರು. ಮರುವರ್ಷ ಅವನು ರಿಯಾದಿನ ಸೆರೆಯಲ್ಲಿ ಮೃತಪಟ್ಟನು. ಅರಸರಿಗೆ ನಿಷ್ಠರಾಗಿ ಉಳಿದ ಬುಡಕಟ್ಟು ಯೋಧರಿಂದ ಮುಂದೆ ಸೌದಿ ನ್ಯಾಷನಲ್ ಗಾರ್ಡ್ ಪಡೆ ರೂಪುಗೊಂಡಿತು. 1932ರ ಸೆಪ್ಟೆಂಬರ್ 23ರಂದು ದೇಶಕ್ಕೆ 'ಸೌದಿ ಅರೇಬಿಯಾ' ಎಂಬ ಹೆಸರನ್ನು ಘೋಷಿಸಲಾಯಿತು.

ಅಮೆರಿಕದೊಂದಿಗೆ ಮೈತ್ರಿಯ ಆರಂಭ

1933ರಲ್ಲಿ ಸೌದಿ ಸರ್ಕಾರವು ಕ್ಯಾಲಿಫೋರ್ನಿಯಾದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಗೆ ತೈಲ ಶೋಧನೆಯ ಹಕ್ಕು ನೀಡಿತು. 1938ರ ಮಾರ್ಚ್‌ನಲ್ಲಿ ದಮ್ಮಾಮ್‌ನ ಏಳನೆಯ ಬಾವಿಯಲ್ಲಿ ವಾಣಿಜ್ಯ ಪ್ರಮಾಣದ ತೈಲ ದೊರೆಯಿತು. ಎರಡನೆಯ ಮಹಾಯುದ್ಧದ ನಡುವೆ, 1943ರ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರು ಸೌದಿ ಅರೇಬಿಯಾದ ರಕ್ಷಣೆಯು ಅಮೆರಿಕದ ರಕ್ಷಣೆಗೆ ಅತ್ಯಗತ್ಯವೆಂದು ಘೋಷಿಸಿ ಯುದ್ಧಕಾಲದ ನೆರವಿನ ಬಾಗಿಲು ತೆರೆದರು. 1945ರ ಫೆಬ್ರವರಿ 14ರಂದು ಸೂಯೆಜ್ ಕಾಲುವೆಯ ಗ್ರೇಟ್ ಬಿಟರ್ ಸರೋವರದಲ್ಲಿ 'ಕ್ವಿನ್ಸಿ' ಎಂಬ ಯುದ್ಧನೌಕೆಯ ಮೇಲೆ ರೂಸ್‌ವೆಲ್ಟ್ ಮತ್ತು ಇಬ್ನ್ ಸೌದ್ ಭೇಟಿಯಾದರು. ತೈಲಕ್ಕೆ ಬದಲಾಗಿ ರಕ್ಷಣೆ ಎಂಬ ಸಂಬಂಧದ ಸಂಕೇತವಾಗಿ ಈ ಭೇಟಿಯನ್ನು ಉಲ್ಲೇಖಿಸಲಾಗುತ್ತದೆ. ಆದರೆ ಅಂದು ಅಂತಹ ಲಿಖಿತ ಒಪ್ಪಂದವೇನೂ ಆಗಲಿಲ್ಲ. ಪ್ಯಾಲೆಸ್ಟೈನ್ ಪ್ರಶ್ನೆಯಲ್ಲಿ ಇಬ್ಬರ ನಡುವೆ ಭಿನ್ನಾಭಿಪ್ರಾಯವೂ ವ್ಯಕ್ತವಾಯಿತು.

ಅಮೆರಿಕನ್ನರ ಆಗಮನಕ್ಕೆ ಧಾರ್ಮಿಕ ಆಕ್ಷೇಪ ಆಗಲೇ ಕಾಣಿಸಿಕೊಂಡಿತ್ತು. ರಿಯಾದಿನ ದಕ್ಷಿಣಕ್ಕಿರುವ ಅಲ್-ಖರ್ಜ್‌ನಲ್ಲಿ ನ್ಯಾಯಾಧೀಶರಾಗಿದ್ದ ಯುವ ಪಂಡಿತ ಅಬ್ದುಲ್ ಅಜೀಜ್ ಇಬ್ನ್ ಬಾಜ್ ಅವರು, ಅಲ್ಲಿನ ಕೃಷಿ ಯೋಜನೆಯಲ್ಲಿ ಮುಸ್ಲಿಮೇತರ ವಿದೇಶಿಯರನ್ನು ನೇಮಿಸಿದ್ದನ್ನು 1940ರ ದಶಕದಲ್ಲಿ ವಿರೋಧಿಸಿ ಕೆಲಕಾಲ ಸೆರೆವಾಸ ಅನುಭವಿಸಿದರೆಂದು ಇತಿಹಾಸಕಾರರು ದಾಖಲಿಸಿದ್ದಾರೆ. ಇದೇ ಇಬ್ನ್ ಬಾಜ್ ಮುಂದೆ ದೇಶದ ಅತ್ಯಂತ ಪ್ರಭಾವಿ ಧರ್ಮಪಂಡಿತರಾದರು.

ಪೂರ್ವ ತೀರದ ದಹ್ರಾನ್‌ನಲ್ಲಿ ಅಮೆರಿಕವು 1946ರ ಹೊತ್ತಿಗೆ ವಿಮಾನ ನಿಲ್ದಾಣವೊಂದನ್ನು ನಿರ್ಮಿಸಿತು. 1951ರಲ್ಲಿ ಪರಸ್ಪರ ರಕ್ಷಣಾ ನೆರವಿನ ಒಪ್ಪಂದವಾಯಿತು. 1953ರಲ್ಲಿ ಅಮೆರಿಕದ ಸೇನಾ ತರಬೇತಿ ತಂಡ ನೆಲೆಗೊಂಡಿತು. ಅರಬ್ ರಾಷ್ಟ್ರೀಯತೆಯ ಅಲೆಯಲ್ಲಿ ವಿದೇಶಿ ನೆಲೆಯ ಆರೋಪ ತೀವ್ರಗೊಂಡಾಗ ದೊರೆ ಸೌದ್ ಅವರು ದಹ್ರಾನ್ ಒಪ್ಪಂದವನ್ನು ನವೀಕರಿಸಲಿಲ್ಲ. 1962ರಲ್ಲಿ ಅಮೆರಿಕನ್ನರು ಆ ನಿಲ್ದಾಣವನ್ನು ತೆರವುಗೊಳಿಸಿದರು. ನಂತರದ ಮೂರು ದಶಕಗಳಲ್ಲಿ ಶಸ್ತ್ರಾಸ್ತ್ರ ಮಾರಾಟ, ತರಬೇತಿ ಮತ್ತು ನಿರ್ಮಾಣ ಕಾರ್ಯಗಳು ಮುಂದುವರಿದರೂ ದೊಡ್ಡ ಪ್ರಮಾಣದ ವಿದೇಶಿ ಪಡೆ ಕಣ್ಣಿಗೆ ಕಾಣದಂತೆ ಎಚ್ಚರ ವಹಿಸಲಾಯಿತು. ಅಮೆರಿಕದ ಸೇನಾ ಎಂಜಿನಿಯರುಗಳ ಮೇಲ್ವಿಚಾರಣೆಯಲ್ಲಿ ದೊಡ್ಡ ಸೇನಾ ನಗರಗಳು ಮತ್ತು ವಾಯುನೆಲೆಗಳು ನಿರ್ಮಾಣಗೊಂಡವು. 1981ರ ಅಕ್ಟೋಬರ್‌ನಲ್ಲಿ ಸೌದಿಗೆ ಅವಾಕ್ಸ್ ಕಣ್ಗಾವಲು ವಿಮಾನಗಳ ಮಾರಾಟಕ್ಕೆ ಅಮೆರಿಕದ ಸೆನೆಟ್‌ನಲ್ಲಿ 52-48 ಮತಗಳ ಅಲ್ಪ ಅಂತರದಿಂದ ದಾರಿ ತೆರೆಯಿತು.

ದೊರೆ ಫೈಸಲ್ ಕಾಲ

1964ರಲ್ಲಿ ದೊರೆ ಸೌದ್ ಅವರನ್ನು ಪದಚ್ಯುತಗೊಳಿಸಿ ಅವರ ತಮ್ಮ ಫೈಸಲ್ ಅವರನ್ನು ಸಿಂಹಾಸನಕ್ಕೇರಿಸಲು ರಾಜಮನೆತನವು ಉಲೇಮಾಗಳ ಫತ್ವಾವನ್ನು ಆಧಾರವಾಗಿ ಬಳಸಿತು. ಉತ್ತರಾಧಿಕಾರದ ವಿವಾದದಲ್ಲಿಯೂ ಅವರ ಸಮ್ಮತಿ ಎಷ್ಟು ಅಗತ್ಯವೆಂಬುದನ್ನು ಇದು ತೋರಿಸಿತು. ಫೈಸಲ್ ಸ್ವತಃ ತಾಯಿಯ ಕಡೆಯಿಂದ ಆಲ್ ಅಶ್-ಶೇಖ್ ಮನೆತನಕ್ಕೆ ಸೇರಿದವರು.

ಬಾಲಕಿಯರ ಸಾರ್ವಜನಿಕ ಶಿಕ್ಷಣ 1960ರಲ್ಲಿ ಆರಂಭವಾದಾಗ ವಿರೋಧವನ್ನು ತಣಿಸಲು ಅದರ ಆಡಳಿತವನ್ನು ಶಿಕ್ಷಣ ಇಲಾಖೆಗೆ ಕೊಡದೆ ಧಾರ್ಮಿಕ ವಲಯದ ಮೇಲ್ವಿಚಾರಣೆಗೆ ಒಪ್ಪಿಸಲಾಯಿತು. ಈ ಏರ್ಪಾಟು 2002ರವರೆಗೂ ಮುಂದುವರಿಯಿತು. ಆ ವರ್ಷದ ಮಾರ್ಚ್‌ನಲ್ಲಿ ಮೆಕ್ಕಾದ ಬಾಲಕಿಯರ ಶಾಲೆಯೊಂದರಲ್ಲಿ ಬೆಂಕಿ ಬಿದ್ದು 15 ವಿದ್ಯಾರ್ಥಿನಿಯರು ಮೃತಪಟ್ಟರು. ಧಾರ್ಮಿಕ ಪೊಲೀಸರು ರಕ್ಷಣಾ ಕಾರ್ಯಕ್ಕೆ ಅಡ್ಡಿಪಡಿಸಿದರೆಂಬ ವರದಿಗಳು ಸೌದಿ ಪತ್ರಿಕೆಗಳಲ್ಲಿಯೇ ಪ್ರಕಟವಾದವು. ಅದರ ನಂತರ ಬಾಲಕಿಯರ ಶಿಕ್ಷಣವನ್ನು ಶಿಕ್ಷಣ ಸಚಿವಾಲಯಕ್ಕೆ ವರ್ಗಾಯಿಸಲಾಯಿತು.

1965ರಲ್ಲಿ ದೂರದರ್ಶನ ಪ್ರಸಾರ ಆರಂಭವಾದಾಗ ನಡೆದ ಪ್ರತಿಭಟನೆಯ ಸಂಬಂಧದಲ್ಲಿ ರಾಜಕುಮಾರ ಖಾಲಿದ್ ಬಿನ್ ಮುಸಾಯಿದ್ ಪೊಲೀಸರಿಂದ ಹತನಾದನು. 1975ರ ಮಾರ್ಚ್ 25ರಂದು ದೊರೆ ಫೈಸಲ್ ಅವರನ್ನು ಗುಂಡಿಕ್ಕಿ ಕೊಂದವನು ಈತನ ಸಹೋದರ.

1979ರ ಮೆಕ್ಕಾ ಮಸೀದಿ ಮುತ್ತಿಗೆ

1979ರ ನವೆಂಬರ್ 20ರ ಮುಂಜಾನೆ, ಜುಹೈಮಾನ್ ಅಲ್-ಉತೈಬಿಯ ನೇತೃತ್ವದಲ್ಲಿ ನೂರಾರು ಶಸ್ತ್ರಸಜ್ಜಿತರು ಮೆಕ್ಕಾದ ಮಹಾ ಮಸೀದಿಯನ್ನು ವಶಪಡಿಸಿಕೊಂಡರು. ಜುಹೈಮಾನ್ ಇಖ್ವಾನ್ ವಸಾಹತಾದ ಸಾಜಿರ್‌ನಲ್ಲಿ ಹುಟ್ಟಿದವನು. ನ್ಯಾಷನಲ್ ಗಾರ್ಡ್‌ನಲ್ಲಿ ಸೇವೆ ಸಲ್ಲಿಸಿದ್ದನು. ಅರಸರು ಕ್ರೈಸ್ತ ದೇಶಗಳೊಂದಿಗೆ ಸ್ನೇಹ ಬೆಳೆಸಿದ್ದಾರೆ, ಉಲೇಮಾಗಳು ಅವರ ಸಂಬಳಕ್ಕೆ ಬಿದ್ದು ಮೌನವಾಗಿದ್ದಾರೆ ಎಂಬುದು ಅವನ ಬರಹಗಳ ಮುಖ್ಯ ಆರೋಪವಾಗಿತ್ತು. ತನ್ನ ಸಂಗಡಿಗ ಮುಹಮ್ಮದ್ ಅಲ್-ಖಹ್ತಾನಿಯನ್ನು 'ಮಹ್ದಿ' (ಯುಗಾಂತ್ಯದಲ್ಲಿ ಬರುವ ಉದ್ಧಾರಕ) ಎಂದು ಅವನು ಘೋಷಿಸಿದನು.

ಮಸೀದಿಯ ಆವರಣದಲ್ಲಿ ಆಯುಧ ಬಳಸುವುದು ಧರ್ಮಶಾಸ್ತ್ರದ ಪ್ರಕಾರ ನಿಷಿದ್ಧ. ಆದುದರಿಂದ ದೊರೆ ಖಾಲಿದ್ ಅವರು ಮೊದಲು ಇಬ್ನ್ ಬಾಜ್ ಸೇರಿದಂತೆ ಹಿರಿಯ ಉಲೇಮಾಗಳಿಂದ ಫತ್ವಾ ಕೋರಿದರು. ಬಂಡುಕೋರರು ಮೊದಲು ಶರಣಾಗುವಂತೆ ಕೇಳಬೇಕು, ಒಪ್ಪದಿದ್ದರೆ ಬಲಪ್ರಯೋಗ ಮಾಡಬಹುದು ಎಂಬ ಅಭಿಪ್ರಾಯ ಕೆಲದಿನಗಳ ನಂತರ ಹೊರಬಂದಿತು. ಮುತ್ತಿಗೆ ಸುಮಾರು ಎರಡು ವಾರ ನಡೆಯಿತು. ನೆಲಮಾಳಿಗೆಗಳಲ್ಲಿ ಅಡಗಿದ್ದವರನ್ನು ಹೊರಗೆಳೆಯುವ ಕಾರ್ಯಾಚರಣೆಗೆ ಫ್ರಾನ್ಸಿನ ವಿಶೇಷ ಪಡೆಯ ಮೂವರು ಅಧಿಕಾರಿಗಳು ಸಲಹೆ ಮತ್ತು ಸಲಕರಣೆ ನೀಡಿದರು. ಅಧಿಕೃತ ಲೆಕ್ಕದಂತೆ 127 ಸೈನಿಕರು ಮೃತಪಟ್ಟರು. 1980ರ ಜನವರಿ 9ರಂದು ಜುಹೈಮಾನ್ ಸೇರಿದಂತೆ 63 ಮಂದಿಗೆ ವಿವಿಧ ನಗರಗಳಲ್ಲಿ ಬಹಿರಂಗ ಮರಣದಂಡನೆ ವಿಧಿಸಲಾಯಿತು. ಈ ಘಟನೆಯ ಹಿಂದೆ ಅಮೆರಿಕದ ಕೈವಾಡವಿದೆಯೆಂಬ ಸುಳ್ಳು ವದಂತಿಯಿಂದ ಉದ್ರಿಕ್ತ ಗುಂಪೊಂದು ನವೆಂಬರ್ 21ರಂದು ಪಾಕಿಸ್ತಾನದ ಇಸ್ಲಾಮಾಬಾದಿನಲ್ಲಿದ್ದ ಅಮೆರಿಕದ ರಾಯಭಾರ ಕಚೇರಿಗೆ ಬೆಂಕಿ ಹಚ್ಚಿತು.

ಬಂಡುಕೋರರು ಸೋತರೂ ಅವರ ಸಾಮಾಜಿಕ ಬೇಡಿಕೆಗಳು ಬಹುಪಾಲು ಈಡೇರಿದವೆಂದು ಹಲವು ಇತಿಹಾಸಕಾರರು ಅಭಿಪ್ರಾಯಪಡುತ್ತಾರೆ. ಸಿನಿಮಾ ಪ್ರದರ್ಶನಗಳು ನಿಂತುಹೋದವು, ಧಾರ್ಮಿಕ ಪೊಲೀಸರ ಬಲ ಹೆಚ್ಚಿತು, ಶಾಲಾ ಪಠ್ಯದಲ್ಲಿ ಧಾರ್ಮಿಕ ವಿಷಯಗಳ ಪ್ರಮಾಣ ಏರಿತು. ಅದೇ ವರ್ಷದ ಇರಾನ್ ಕ್ರಾಂತಿಯೂ ಈ ಬದಲಾವಣೆಗೆ ಕಾರಣವಾಗಿತ್ತು. ಇಸ್ಲಾಮಿನ ಹೆಸರಿನಲ್ಲಿ ರಾಜಸತ್ತೆಯನ್ನೇ ಪ್ರಶ್ನಿಸುತ್ತಿದ್ದ ಇರಾನಿಗೆ ಉತ್ತರವಾಗಿ ಸೌದಿ ಅರಸರು ತಮ್ಮ ಧರ್ಮನಿಷ್ಠೆಯನ್ನು ಪ್ರದರ್ಶಿಸಬೇಕಾಯಿತು. 1986ರಲ್ಲಿ ದೊರೆ ಫಹದ್ ಅವರು 'ಎರಡು ಪವಿತ್ರ ಮಸೀದಿಗಳ ಪಾಲಕ' ಎಂಬ ಬಿರುದನ್ನು ಅಧಿಕೃತವಾಗಿ ಧರಿಸಿದರು.

1990-91ರ ಕೊಲ್ಲಿ ಬಿಕ್ಕಟ್ಟು

1990ರ ಆಗಸ್ಟ್ 2ರಂದು ಸದ್ದಾಂ ಹುಸೇನ್ ನೇತೃತ್ವದ ಇರಾಕ್ ಕುವೈತನ್ನು ಆಕ್ರಮಿಸಿತು. ಆಗಸ್ಟ್ 6ರಂದು ಜಿದ್ದಾದಲ್ಲಿ ಅಮೆರಿಕದ ರಕ್ಷಣಾ ಕಾರ್ಯದರ್ಶಿ ಡಿಕ್ ಚೇನಿ ಅವರನ್ನು ಭೇಟಿಯಾದ ದೊರೆ ಫಹದ್ ಅವರು ಅಮೆರಿಕದ ಪಡೆಗಳನ್ನು ಬರಮಾಡಿಕೊಳ್ಳಲು ಒಪ್ಪಿದರು. ಯುದ್ಧದ ಹೊತ್ತಿಗೆ ಕೊಲ್ಲಿ ಪ್ರದೇಶದಲ್ಲಿ ಐದು ಲಕ್ಷಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಜಮಾಯಿಸಿದ್ದರು. ಹಿಂದಿನ ದಶಕಗಳಲ್ಲಿ ಕಟ್ಟಿದ್ದ ವಾಯುನೆಲೆಗಳು ಮತ್ತು ಬಂದರುಗಳು ಇಷ್ಟು ದೊಡ್ಡ ಸೇನೆಯನ್ನು ಸ್ವೀಕರಿಸಲು ನೆರವಾದವು.

ಹಿರಿಯ ಉಲೇಮಾಗಳ ಮಂಡಳಿಯು ಆಗಸ್ಟ್ ತಿಂಗಳಲ್ಲಿಯೇ ದೊರೆಯ ನಿರ್ಧಾರವನ್ನು ಅನುಮೋದಿಸಿತು. ದೇಶವನ್ನು ರಕ್ಷಿಸುವುದು ಅರಸನ ಕರ್ತವ್ಯ, ಅನಿವಾರ್ಯವಾದಾಗ ಅದಕ್ಕೆ ಮುಸ್ಲಿಮೇತರರ ನೆರವನ್ನೂ ಪಡೆಯಬಹುದು ಎಂಬುದು ಅದರ ತರ್ಕ. ಒಮ್ಮೆ ಅಲ್-ಖರ್ಜ್‌ನ ವಿದೇಶಿ ನೌಕರರನ್ನು ವಿರೋಧಿಸಿದ್ದ ಇಬ್ನ್ ಬಾಜ್ ಅವರೇ ಈ ಅನುಮೋದನೆಯ ಪ್ರಮುಖ ಧ್ವನಿಯಾಗಿದ್ದರು. ಆತಿಥೇಯ ದೇಶದ ಸೂಕ್ಷ್ಮತೆಯನ್ನು ಗಮನಿಸಿ ಅಮೆರಿಕದ ಸೇನೆಯು ತನ್ನ ಸೈನಿಕರಿಗೆ ಮದ್ಯವನ್ನು ನಿಷೇಧಿಸಿತು. ಕ್ರೈಸ್ತ ಮತ್ತು ಯಹೂದಿ ಪ್ರಾರ್ಥನೆಗಳನ್ನು ಬಹಿರಂಗವಾಗಿ ನಡೆಸದಂತೆ ನೋಡಿಕೊಂಡಿತು.

ಮಹಿಳೆಯರ ವಾಹನ ಚಾಲನೆ: 1990ರ ನವೆಂಬರ್ 6ರಂದು 47 ಸೌದಿ ಮಹಿಳೆಯರು ರಿಯಾದಿನ ಬೀದಿಗಳಲ್ಲಿ ಸ್ವತಃ ಕಾರು ಓಡಿಸಿ, ಚಾಲನೆಯ ಹಕ್ಕಿಗಾಗಿ ಬೇಡಿಕೆ ಇಟ್ಟರು. ಮಸೀದಿಗಳಲ್ಲಿ ಅವರ ವಿರುದ್ಧ ಭಾಷಣಗಳಾದವು. ಅವರ ಪಾಸ್‌ಪೋರ್ಟುಗಳನ್ನು ವಶಪಡಿಸಿಕೊಳ್ಳಲಾಯಿತು, ಸರ್ಕಾರಿ ನೌಕರಿಯಲ್ಲಿದ್ದವರನ್ನು ಕೆಲಸದಿಂದ ದೂರವಿಡಲಾಯಿತು. ಅಲ್ಲಿಯವರೆಗೆ ರೂಢಿಯಲ್ಲಿ ಮಾತ್ರ ಇದ್ದ ನಿರ್ಬಂಧವು ಇಬ್ನ್ ಬಾಜ್ ಅವರ ಫತ್ವಾ ಮತ್ತು ಗೃಹ ಸಚಿವಾಲಯದ ಪ್ರಕಟಣೆಯ ಮೂಲಕ ಅಧಿಕೃತವಾಯಿತು. ವಿದೇಶಿ ಸೇನೆಗೆ ಸಮ್ಮತಿ ನೀಡಿದ್ದ ಧಾರ್ಮಿಕ ವಲಯವನ್ನು ಆ ಸಮಯದಲ್ಲಿ ಎದುರುಹಾಕಿಕೊಳ್ಳಲು ಸರ್ಕಾರ ಸಿದ್ಧವಿರಲಿಲ್ಲ.

ಸಹ್ವಾ ಚಳವಳಿ: 'ಸಹ್ವಾ' ಎಂದರೆ ಜಾಗೃತಿ. ಈಜಿಪ್ಟ್ ಮತ್ತು ಸಿರಿಯಾದಿಂದ ಬಂದ ಮುಸ್ಲಿಂ ಬ್ರದರ್‌ಹುಡ್ ಕಾರ್ಯಕರ್ತರ ರಾಜಕೀಯ ಚಿಂತನೆ ಮತ್ತು ಸ್ಥಳೀಯ ವಹಾಬಿ ಬೋಧನೆ ಸೌದಿ ವಿಶ್ವವಿದ್ಯಾಲಯಗಳಲ್ಲಿ ಬೆರೆತು ಈ ಚಳವಳಿ ರೂಪುಗೊಂಡಿತು. ಸಫರ್ ಅಲ್-ಹವಾಲಿ ಮತ್ತು ಸಲ್ಮಾನ್ ಅಲ್-ಔದಾ ಇದರ ಜನಪ್ರಿಯ ಉಪನ್ಯಾಸಕರು. ಧ್ವನಿಸುರುಳಿಗಳ ಮೂಲಕ ಹರಡಿದ ತಮ್ಮ ಭಾಷಣಗಳಲ್ಲಿ ಇವರು ಅಮೆರಿಕದ ಪಡೆಗಳ ಉಪಸ್ಥಿತಿಯನ್ನು ಟೀಕಿಸಿದರು. 1991ರ ಮೇ ತಿಂಗಳಲ್ಲಿ 'ಬೇಡಿಕೆಗಳ ಪತ್ರ' ಹಾಗೂ 1992ರಲ್ಲಿ ಅದಕ್ಕಿಂತ ವಿಸ್ತಾರವಾದ 'ಸಲಹಾ ಮನವಿ' ದೊರೆಗೆ ಸಲ್ಲಿಕೆಯಾದವು. ಹಿರಿಯ ಉಲೇಮಾಗಳ ಮಂಡಳಿ ಎರಡನೆಯದನ್ನು ಖಂಡಿಸಿತು. ಖಂಡನೆಗೆ ಸಹಿ ಹಾಕದ ಏಳು ಸದಸ್ಯರನ್ನು 1992ರ ಡಿಸೆಂಬರ್‌ನಲ್ಲಿ ನಿವೃತ್ತಿಗೊಳಿಸಲಾಯಿತು. 1994ರ ಸೆಪ್ಟೆಂಬರ್‌ನಲ್ಲಿ ಬಂಧಿತರಾದ ಹವಾಲಿ ಮತ್ತು ಔದಾ 1999ರಲ್ಲಿ ಬಿಡುಗಡೆಯಾದರು. ಈ ನಡುವೆ 1992ರ ಮಾರ್ಚ್‌ನಲ್ಲಿ ದೊರೆ ಫಹದ್ ಅವರು ಆಡಳಿತದ ಮೂಲ ಕಾನೂನನ್ನು ಪ್ರಕಟಿಸಿ, ನೇಮಕಗೊಂಡ ಸದಸ್ಯರ ಶೂರಾ (ಸಲಹಾ) ಮಂಡಳಿಯನ್ನು ಘೋಷಿಸಿದರು.

ಭಯೋತ್ಪಾದನಾ ದಾಳಿಗಳು ಮತ್ತು ಪಡೆಗಳ ನಿರ್ಗಮನ

ಯುದ್ಧ ಮುಗಿದ ಮೇಲೂ ದಕ್ಷಿಣ ಇರಾಕಿನ ವಿಮಾನ ನಿಷೇಧ ವಲಯದ ಕಾವಲಿಗಾಗಿ ಅಮೆರಿಕದ ವಾಯುಪಡೆ ಸೌದಿಯಲ್ಲಿ ಉಳಿಯಿತು. ತಾತ್ಕಾಲಿಕ ಅನಿವಾರ್ಯತೆಯ ಆಧಾರದ ಮೇಲೆ ನೀಡಲಾಗಿದ್ದ ಧಾರ್ಮಿಕ ಸಮ್ಮತಿಗೆ ಇದು ದೊಡ್ಡ ಸವಾಲಾಯಿತು. 1994ರಲ್ಲಿ ಸೌದಿ ಪೌರತ್ವ ಕಳೆದುಕೊಂಡಿದ್ದ ಒಸಾಮಾ ಬಿನ್ ಲಾದೆನ್, 1996ರ ಆಗಸ್ಟ್‌ನಲ್ಲಿ ಅಮೆರಿಕದ ವಿರುದ್ಧ ಯುದ್ಧ ಸಾರಿದಾಗ ಪವಿತ್ರ ಭೂಮಿಯಲ್ಲಿ ಆ ದೇಶದ ಪಡೆಗಳಿರುವುದನ್ನೇ ಮುಖ್ಯ ಕಾರಣವಾಗಿ ಮುಂದಿಟ್ಟನು.

1995ರ ನವೆಂಬರ್ 13ರಂದು ರಿಯಾದಿನಲ್ಲಿ ನ್ಯಾಷನಲ್ ಗಾರ್ಡ್ ತರಬೇತಿ ಕೇಂದ್ರದ ಬಳಿ ಕಾರ್ ಬಾಂಬ್ ಸ್ಫೋಟಗೊಂಡು ಐವರು ಅಮೆರಿಕನ್ನರು ಮತ್ತು ಇಬ್ಬರು ಭಾರತೀಯರು ಮೃತಪಟ್ಟರು. 1996ರ ಜೂನ್ 25ರಂದು ಖೋಬರ್ ವಸತಿ ಸಮುಚ್ಚಯದ ಮೇಲಿನ ದಾಳಿಯಲ್ಲಿ ಅಮೆರಿಕದ ವಾಯುಪಡೆಯ 19 ಮಂದಿ ಸತ್ತರು. ಈ ಎರಡನೆಯ ದಾಳಿಯನ್ನು ಇರಾನ್ ಬೆಂಬಲಿತ ಶಿಯಾ ಗುಂಪು ನಡೆಸಿತೆಂದು ಅಮೆರಿಕದ ತನಿಖಾ ಸಂಸ್ಥೆಗಳು ಆರೋಪಿಸಿದವು. ಆ ಬಳಿಕ ಅಮೆರಿಕದ ಪಡೆಗಳನ್ನು ನಗರಗಳಿಂದ ದೂರಕ್ಕೆ, ಅಲ್-ಖರ್ಜ್ ಬಳಿಯ ಪ್ರಿನ್ಸ್ ಸುಲ್ತಾನ್ ವಾಯುನೆಲೆಗೆ ಸ್ಥಳಾಂತರಿಸಲಾಯಿತು.

2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ಭಾಗಿಯಾದ 19 ಅಪಹರಣಕಾರರಲ್ಲಿ 15 ಮಂದಿ ಸೌದಿ ಪ್ರಜೆಗಳಾಗಿದ್ದರು. ಸೌದಿ ಪಠ್ಯಪುಸ್ತಕಗಳು ಮತ್ತು ಧರ್ಮಪ್ರಚಾರಕ್ಕೆ ನೀಡುವ ಹಣಕಾಸು ಅಮೆರಿಕದಲ್ಲಿ ತೀವ್ರ ಟೀಕೆಗೆ ಗುರಿಯಾದವು. 2003ರ ಏಪ್ರಿಲ್ ಕೊನೆಯಲ್ಲಿ ಅಮೆರಿಕವು ತನ್ನ ಬಹುಪಾಲು ಪಡೆಗಳನ್ನು ಸೌದಿಯಿಂದ ಹಿಂತೆಗೆಯುವುದಾಗಿ ಘೋಷಿಸಿತು. ವಾಯು ಕಾರ್ಯಾಚರಣೆಯ ಕೇಂದ್ರವು ಕತಾರಿನ ಅಲ್ ಉದೈದ್ ನೆಲೆಗೆ ಹೋಯಿತು.

ಪಡೆಗಳು ಹೊರಟರೂ ದಾಳಿಗಳು ನಿಲ್ಲಲಿಲ್ಲ. 2003ರ ಮೇ 12ರಂದು ರಿಯಾದಿನ ವಿದೇಶಿಯರ ವಸತಿ ಸಂಕೀರ್ಣಗಳ ಮೇಲೆ ಅಲ್-ಖೈದಾ ನಡೆಸಿದ ಆತ್ಮಾಹುತಿ ದಾಳಿಗಳಲ್ಲಿ, ದಾಳಿಕೋರರೂ ಸೇರಿದಂತೆ 30ಕ್ಕೂ ಹೆಚ್ಚು ಮಂದಿ ಸತ್ತರು. ಆ ನಂತರ ಸರ್ಕಾರವು ಉಗ್ರಗಾಮಿ ಜಾಲಗಳ ವಿರುದ್ಧ ವ್ಯಾಪಕ ಕಾರ್ಯಾಚರಣೆ ನಡೆಸಿತು. ಹಿಂಸೆಯನ್ನು ಬೆಂಬಲಿಸಿದ್ದ ಕೆಲವು ಪಂಡಿತರು ದೂರದರ್ಶನದಲ್ಲಿ ತಮ್ಮ ಫತ್ವಾಗಳನ್ನು ಹಿಂತೆಗೆದುಕೊಂಡರು.

ದೊರೆ ಅಬ್ದುಲ್ಲಾ ಕಾಲ

2005ರಿಂದ 2015ರವರೆಗೆ ಆಳಿದ ದೊರೆ ಅಬ್ದುಲ್ಲಾ ಅವರು ಧಾರ್ಮಿಕ ಸಂಸ್ಥೆಗಳ ಮೇಲೆ ನಿಧಾನವಾಗಿ ಹಿಡಿತ ಬಿಗಿಗೊಳಿಸಿದರು. 2009ರಲ್ಲಿ ಸ್ತ್ರೀ-ಪುರುಷರು ಒಟ್ಟಿಗೆ ಕಲಿಯುವ ವಿಜ್ಞಾನ ವಿಶ್ವವಿದ್ಯಾಲಯವೊಂದು ಜಿದ್ದಾದ ಉತ್ತರಕ್ಕೆ ಆರಂಭವಾಯಿತು. ಅದನ್ನು ಟೀಕಿಸಿದ ಹಿರಿಯ ಉಲೇಮಾಗಳ ಮಂಡಳಿಯ ಸದಸ್ಯರೊಬ್ಬರನ್ನು ಸ್ಥಾನದಿಂದ ತೆಗೆಯಲಾಯಿತು. 2010ರಲ್ಲಿ ಸಾರ್ವಜನಿಕ ಫತ್ವಾ ನೀಡುವ ಅಧಿಕಾರವನ್ನು ಆ ಮಂಡಳಿಗೆ ಸೀಮಿತಗೊಳಿಸಲಾಯಿತು. 2013ರಲ್ಲಿ ಶೂರಾ ಮಂಡಳಿಗೆ 30 ಮಹಿಳೆಯರು ನೇಮಕಗೊಂಡರು.

ಆದರೆ 2011ರಲ್ಲಿ ಅರಬ್ ದೇಶಗಳಲ್ಲಿ ಜನಾಂದೋಲನಗಳು ಹಬ್ಬಿದಾಗ ಹಳೆಯ ಏರ್ಪಾಟು ಮತ್ತೆ ಬಳಕೆಗೆ ಬಂದಿತು. ಬೀದಿ ಪ್ರತಿಭಟನೆ ಇಸ್ಲಾಮಿಗೆ ವಿರುದ್ಧವೆಂದು ಹಿರಿಯ ಉಲೇಮಾಗಳ ಮಂಡಳಿ ಮಾರ್ಚ್ ತಿಂಗಳಲ್ಲಿ ಸಾರಿತು. ಅದೇ ತಿಂಗಳು ದೊರೆ ಘೋಷಿಸಿದ ಬೃಹತ್ ಆರ್ಥಿಕ ಕೊಡುಗೆಯಲ್ಲಿ ಧಾರ್ಮಿಕ ಸಂಸ್ಥೆಗಳಿಗೂ ಪಾಲು ದೊರೆಯಿತು.

2015ರ ನಂತರದ ಬದಲಾವಣೆಗಳು

2015ರ ಜನವರಿಯಲ್ಲಿ ಸಲ್ಮಾನ್ ದೊರೆಯಾದರು. ಅವರ ಮಗ ಮುಹಮ್ಮದ್ ಬಿನ್ ಸಲ್ಮಾನ್ 2017ರ ಜೂನ್‌ನಲ್ಲಿ ಯುವರಾಜರಾದರು. 2016ರ ಏಪ್ರಿಲ್‌ನಲ್ಲಿ ಧಾರ್ಮಿಕ ಪೊಲೀಸರಿಂದ ಬಂಧಿಸುವ ಮತ್ತು ಬೆನ್ನಟ್ಟುವ ಅಧಿಕಾರವನ್ನು ಕಸಿದುಕೊಳ್ಳಲಾಯಿತು. 2018ರ ಏಪ್ರಿಲ್‌ನಲ್ಲಿ ಚಿತ್ರಮಂದಿರಗಳು ಮತ್ತೆ ತೆರೆದವು; ಜೂನ್ 24ರಿಂದ ಮಹಿಳೆಯರಿಗೆ ವಾಹನ ಚಾಲನೆಯ ಅನುಮತಿ ದೊರೆಯಿತು. ಹಿರಿಯ ಉಲೇಮಾಗಳ ಮಂಡಳಿ ಈ ನಿರ್ಧಾರವನ್ನೂ ಬೆಂಬಲಿಸಿತು.

ಈ ಸುಧಾರಣೆಗಳು ರಾಜಕೀಯ ಸ್ವಾತಂತ್ರ್ಯವನ್ನು ತರಲಿಲ್ಲ. 2017ರ ಸೆಪ್ಟೆಂಬರ್‌ನಲ್ಲಿ ಸಲ್ಮಾನ್ ಅಲ್-ಔದಾ ಮತ್ತೆ ಬಂಧಿತರಾದರು. 2018ರಲ್ಲಿ ಹವಾಲಿ ಅವರೂ ಬಂಧಿತರಾದರು. ಚಾಲನೆಯ ಹಕ್ಕಿಗಾಗಿ ಹೋರಾಡಿದ್ದ ಹಲವು ಮಹಿಳೆಯರನ್ನು ನಿಷೇಧ ತೆರವಾಗುವುದಕ್ಕೆ ಕೆಲವೇ ವಾರಗಳ ಮೊದಲು, 2018ರ ಮೇ ತಿಂಗಳಲ್ಲಿ ಸೆರೆಗೆ ಹಾಕಲಾಯಿತು. ಸಂಪ್ರದಾಯವಾದಿಗಳೂ ಉದಾರವಾದಿಗಳೂ ಏಕಕಾಲಕ್ಕೆ ಮೌನಕ್ಕೆ ದೂಡಲ್ಪಟ್ಟರು. 2018ರ ಅಕ್ಟೋಬರ್ 2ರಂದು ಪತ್ರಕರ್ತ ಜಮಾಲ್ ಖಶೋಗ್ಗಿ ಅವರು ಇಸ್ತಾನ್‌ಬುಲ್‌ನ ಸೌದಿ ದೂತಾವಾಸದಲ್ಲಿ ಹತ್ಯೆಗೀಡಾದರು. ಈ ಕಾರ್ಯಾಚರಣೆಗೆ ಯುವರಾಜರ ಅನುಮೋದನೆ ಇತ್ತೆಂದು ಅಮೆರಿಕದ ಗುಪ್ತಚರ ವಿಭಾಗವು 2021ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಭಿಪ್ರಾಯಪಟ್ಟಿತು. ಸೌದಿ ಸರ್ಕಾರ ಅದನ್ನು ನಿರಾಕರಿಸಿತು.

ರಾಜ್ಯದ ಇತಿಹಾಸದ ನಿರೂಪಣೆಯೂ ಬದಲಾಯಿತು. 2022ರಿಂದ ಫೆಬ್ರವರಿ 22ನ್ನು 'ಸ್ಥಾಪನಾ ದಿನ'ವಾಗಿ ಆಚರಿಸಲಾಗುತ್ತಿದೆ. ಇದು ಮುಹಮ್ಮದ್ ಇಬ್ನ್ ಸೌದ್ ದಿರಿಯಾದ ಆಡಳಿತ ವಹಿಸಿಕೊಂಡ 1727ನೆಯ ವರ್ಷವನ್ನು ರಾಜ್ಯದ ಆರಂಭವೆಂದು ಗುರುತಿಸುತ್ತದೆ. ಇದರಿಂದ ರಾಜ್ಯದ ಹುಟ್ಟು ಧರ್ಮಸುಧಾರಕನೊಂದಿಗಿನ ಒಪ್ಪಂದಕ್ಕಿಂತ ಹಿಂದಿನದಾಗುತ್ತದೆ.

ಸೇನಾ ಮೈತ್ರಿಯೂ ಪರೀಕ್ಷೆಗೆ ಒಳಗಾಯಿತು. 2019ರ ಸೆಪ್ಟೆಂಬರ್ 14ರಂದು ಅಬ್ಕೈಕ್ ತೈಲ ಸಂಸ್ಕರಣಾ ಘಟಕದ ಮೇಲಿನ ಡ್ರೋನ್ ಮತ್ತು ಕ್ಷಿಪಣಿ ದಾಳಿಯಿಂದ ದೇಶದ ತೈಲೋತ್ಪಾದನೆ ತಾತ್ಕಾಲಿಕವಾಗಿ ಅರ್ಧಕ್ಕೆ ಕುಸಿಯಿತು. ಯೆಮೆನ್‌ನ ಹೂಥಿಗಳು ಹೊಣೆ ಹೊತ್ತರೂ ಅಮೆರಿಕ ಮತ್ತು ಸೌದಿ ಇರಾನನ್ನು ದೂಷಿಸಿದವು. ಅಮೆರಿಕವು ಇರಾನ್ ಮೇಲೆ ಪ್ರತಿದಾಳಿ ನಡೆಸಲಿಲ್ಲ. ಆದರೆ ಅದೇ ವರ್ಷ ಅದರ ಪಡೆಗಳು ಪ್ರಿನ್ಸ್ ಸುಲ್ತಾನ್ ವಾಯುನೆಲೆಗೆ ಮರಳಿದವು. 1990ರಂತೆ ಈ ಬಾರಿ ದೇಶದೊಳಗೆ ಬಹಿರಂಗ ಧಾರ್ಮಿಕ ವಿರೋಧ ಕಾಣಿಸಲಿಲ್ಲ. 2023ರ ಮಾರ್ಚ್‌ನಲ್ಲಿ ಚೀನಾದ ಮಧ್ಯಸ್ಥಿಕೆಯಲ್ಲಿ ಸೌದಿ ಮತ್ತು ಇರಾನ್ ರಾಜತಾಂತ್ರಿಕ ಸಂಬಂಧವನ್ನು ಪುನಃಸ್ಥಾಪಿಸಲು ಒಪ್ಪಿದವು. 2025ರ ನವೆಂಬರ್‌ನಲ್ಲಿ ಅಮೆರಿಕವು ಸೌದಿಯನ್ನು ನ್ಯಾಟೋ ಹೊರಗಿನ ಪ್ರಮುಖ ಮಿತ್ರರಾಷ್ಟ್ರವೆಂದು ಘೋಷಿಸಿತು.

ವಿಶ್ಲೇಷಣೆ

ಉಲೇಮಾಗಳು ಮತ್ತು ಅರಸರ ಸಂಬಂಧವನ್ನು ಸಮಬಲರ ಪಾಲುದಾರಿಕೆ ಎನ್ನುವುದು ಪೂರ್ಣ ಸರಿಯಲ್ಲ. 1929ರಿಂದ ಇಂದಿನವರೆಗೆ ಯುದ್ಧ, ಗಡಿ ಮತ್ತು ವಿದೇಶಿ ಮೈತ್ರಿಯ ವಿಷಯದಲ್ಲಿ ಅಧಿಕೃತ ಉಲೇಮಾಗಳು ಅರಸರನ್ನು ತಡೆದ ನಿದರ್ಶನ ವಿರಳ. ಅವರ ಶಕ್ತಿ ಇದ್ದದ್ದು ಸಮಾಜದ ದೈನಂದಿನ ಬದುಕಿನ ಮೇಲೆ. ಅರಸರು ವಿದೇಶಿ ನೆರವಿನ ಮೇಲೆ ಹೆಚ್ಚು ಅವಲಂಬಿತರಾದಷ್ಟೂ ಈ ಸಾಮಾಜಿಕ ಹಿಡಿತ ಬಿಗಿಯಾದುದನ್ನು 1979 ಮತ್ತು 1990ರ ಘಟನೆಗಳು ತೋರಿಸುತ್ತವೆ.

ಇದೇ ಏರ್ಪಾಟಿನೊಳಗೆ ಅದರ ದೌರ್ಬಲ್ಯವೂ ಅಡಗಿತ್ತು. ಪ್ರತಿ ಬಾರಿ ಅರಸರ ಅಗತ್ಯಕ್ಕೆ ತಕ್ಕ ಫತ್ವಾ ನೀಡಿದಾಗಲೂ ಅಧಿಕೃತ ಉಲೇಮಾಗಳ ವಿಶ್ವಾಸಾರ್ಹತೆ ಕುಗ್ಗಿತು. ಆ ಜಾಗವನ್ನು ಜುಹೈಮಾನ್, ಸಹ್ವಾ ಉಪನ್ಯಾಸಕರು ಹಾಗೂ ಬಿನ್ ಲಾದೆನ್‌ನಂತಹವರು ಬೇರೆ ಬೇರೆ ರೀತಿಯಲ್ಲಿ ತುಂಬಲು ಯತ್ನಿಸಿದರು. ಅರಸೊತ್ತಿಗೆಯು ಧರ್ಮದ ಬದಲು ರಾಷ್ಟ್ರೀಯತೆ ಮತ್ತು ಆರ್ಥಿಕ ಅಭಿವೃದ್ಧಿಯನ್ನು ಮುಂದಿಡುತ್ತಿರುವ ಇಂದಿನ ಸ್ಥಿತಿಯಲ್ಲಿ ಉಲೇಮಾಗಳ ಸಮ್ಮತಿಯ ಅಗತ್ಯ ಕಡಿಮೆಯಾದಂತೆ ಕಾಣುತ್ತದೆ. ಆದರೆ ಭಿನ್ನಮತಕ್ಕೆ ಅವಕಾಶವಿಲ್ಲದಿರುವಾಗ ಬಹಿರಂಗ ವಿರೋಧ ಇಲ್ಲದಿರುವುದನ್ನೇ ಸಮ್ಮತಿಯೆಂದು ಅಳೆಯುವುದು ಕಷ್ಟ.

ಕಾಲಾನುಕ್ರಮ

- 1744: ದಿರಿಯಾದಲ್ಲಿ ಇಬ್ನ್ ಸೌದ್ ಮತ್ತು ಇಬ್ನ್ ಅಬ್ದುಲ್ ವಹಾಬ್ ನಡುವೆ ಒಪ್ಪಂದ (ಸುಮಾರು)
- 1902: ರಿಯಾದ್ ವಶ
- 1929: ಸಬಿಲಾ ಕದನ, ಇಖ್ವಾನ್ ಸೋಲು
- 1945: ಇಬ್ನ್ ಸೌದ್-ರೂಸ್‌ವೆಲ್ಟ್ ಭೇಟಿ
- 1962: ದಹ್ರಾನ್‌ನಿಂದ ಅಮೆರಿಕದ ನಿರ್ಗಮನ
- 1971: ಹಿರಿಯ ಉಲೇಮಾಗಳ ಮಂಡಳಿ ಸ್ಥಾಪನೆ
- 1979: ಮೆಕ್ಕಾ ಮಹಾ ಮಸೀದಿ ಮುತ್ತಿಗೆ
- 1990: ಅಮೆರಿಕದ ಪಡೆಗಳ ಆಗಮನ, ಮಹಿಳೆಯರ ಚಾಲನಾ ಪ್ರತಿಭಟನೆ
- 1994: ಸಹ್ವಾ ನಾಯಕರ ಬಂಧನ
- 2003: ಅಮೆರಿಕದ ಬಹುಪಾಲು ಪಡೆಗಳ ನಿರ್ಗಮನ
- 2016: ಧಾರ್ಮಿಕ ಪೊಲೀಸರ ಅಧಿಕಾರ ಮೊಟಕು
- 2018: ಮಹಿಳೆಯರ ವಾಹನ ಚಾಲನೆಗೆ ಅನುಮತಿ
- 2019: ಅಬ್ಕೈಕ್ ದಾಳಿ, ಅಮೆರಿಕದ ಪಡೆಗಳ ಮರಳಿಕೆ

ಇವನ್ನೂ ನೋಡಿ

- ಸೌದಿ ಅರೇಬಿಯಾ
- ಇಬ್ನ್ ಸೌದ್
- ಕೊಲ್ಲಿ ಯುದ್ಧ
- ಇರಾನ್ ಕ್ರಾಂತಿ
- ಮೆಕ್ಕಾ